ಮೇಷ್ಟ್ರ ಯೋಗಕ್ಷೇಮ: ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಚರಿತ್ರೆ

ಕಲಿಸುವವರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದರ ಬಗ್ಗೆ ಕರ್ನಾಟಕದಲ್ಲಿ ಉಳಿದಿರುವ ಅತಿ ಹಳೆಯ ಬರಹಗಳಲ್ಲಿ ಮೂರು ಮೊಳಕಾಲ್ಮುರು ತಾಲ್ಲೂಕಿನ ಬಂಡೆಗಳ ಮೇಲಿವೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ ಒಂದಕ್ಕೊಂದು ಹತ್ತಿರದ ಜಾಗಗಳು. ಮೂರೂ ಕಡೆ ಕ್ರಿ.ಪೂ. 3ನೇ ಶತಮಾನದ ಅಶೋಕನ ಕಿರು ಶಾಸನಗಳಿವೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ನುಡಿಯಬೇಕು ಎಂದು ಹೇಳುತ್ತ ಬರುವ ಶಾಸನ, ಶಿಷ್ಯನಾದವನು ಆಚಾರ್ಯನನ್ನು ಗೌರವಿಸಬೇಕು ಎಂದೂ ವಿಧಿಸುತ್ತದೆ. ಇದು ಹಿಂದಿನಿಂದ ಬಂದ ರೀತಿ, ಆಯುಷ್ಯ ಹೆಚ್ಚಿಸುವ ರೀತಿ ಎನ್ನುತ್ತದೆ. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಲಿಪಿಕಾರ ಎಂಬ ತನ್ನ ಪದವಿಯನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯದೆ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡಿದ್ದಾನೆ. ಬಿಸಿಲಿಗೆ ಕಾದ ಬಂಡೆಯ ಮುಂದೆ ಕೂತು ತನ್ನ ವಿದ್ಯೆಯನ್ನು ತೋರಿಸಿಕೊಳ್ಳುವ ಆಸೆ ಅವನಿಗೂ ಇತ್ತೆಂದು ಕಾಣುತ್ತದೆ.

ಆಚಾರ್ಯನಿಗೆ ಗೌರವ ಕೊಡಿ ಎಂದ ಶಾಸನ ಅವನ ಊಟ, ವಸತಿ, ಕಾಯಿಲೆ, ಮುಪ್ಪು ಯಾವುದರ ಮಾತನ್ನೂ ಎತ್ತುವುದಿಲ್ಲ. ಈ ಸೀಮೆಯ ಶಿಕ್ಷಕರ ಚರಿತ್ರೆ ಶಾಸನ ಖಾಲಿ ಬಿಟ್ಟ ಆ ಜಾಗದ ಚರಿತ್ರೆ. ಗೌರವ ಎಲ್ಲಕ್ಕಿಂತ ಮೊದಲೇ ಬಂತು. ಸಂಬಳ ಬಹಳ ತಡವಾಗಿ ಬಂತು. ಪಕ್ಕದ ಕೋಣೆಯಲ್ಲಿ ಪಾಠ ಮಾಡುವ ಎರಡನೆಯ ಶಿಕ್ಷಕ ಬಂದದ್ದು ಅದಕ್ಕೂ ತಡವಾಗಿ. ಮೇಷ್ಟ್ರ ಮನಸ್ಸಿನ ಮಾತು ಶುರುವಾದದ್ದು ಮೊನ್ನೆ ಮೊನ್ನೆ.

ಇಲ್ಲಿ ಕಲಿಸುವ ಕೆಲಸ ಹಗುರವಾಗಿರಲಿಲ್ಲ ಎಂಬುದಕ್ಕೆ ನೆಲವೇ ಸಾಕ್ಷಿ. ಚಳ್ಳಕೆರೆ ಮತ್ತು ಮೊಳಕಾಲ್ಮುರು ಚಿತ್ರದುರ್ಗ ಜಿಲ್ಲೆಯ ಪೂರ್ವದ ಬಯಲು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಕಡೆಗಳಲ್ಲಿ ಇದೂ ಒಂದು. ಶೇಂಗಾ ಬೆಳೆ, ಎಣ್ಣೆ ಗಿರಣಿ, ಕುರಿ, ಕಂಬಳಿ ಚಳ್ಳಕೆರೆಯ ಬದುಕಾದರೆ ರೇಷ್ಮೆ ಸೀರೆಯ ಮಗ್ಗ ಮೊಳಕಾಲ್ಮುರಿನದು. ದೇವರ ಎತ್ತುಗಳನ್ನು ಸಾಕುವ ಮ್ಯಾಸಬೇಡರ ಹಟ್ಟಿಗಳು, ಗೊಲ್ಲರಹಟ್ಟಿಗಳು ಊರಿನಿಂದ ದೂರ ಚದುರಿವೆ. ಮೂರು ದಿಕ್ಕಿಗೆ ಆಂಧ್ರದ ಅನಂತಪುರ ಸೀಮೆ ಮತ್ತು ಬಳ್ಳಾರಿ ಸುತ್ತುವರಿದಿರುವುದರಿಂದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಕನ್ನಡ ಅಕ್ಷರ ಕಲಿಸುವ ಮುನ್ನ ಕನ್ನಡವನ್ನೇ ಕಲಿಸಬೇಕಾದ ತರಗತಿಗಳಿವು. ಮಳೆ ಕೈಕೊಟ್ಟ ವರ್ಷ ತಂದೆತಾಯಿ ಗುಳೆ ಹೊರಡುತ್ತಾರೆ, ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ತುಂಬುತ್ತದೆ. ಅದಕ್ಕೆ ಸಮಜಾಯಿಷಿ ಬರೆಯಬೇಕಾದವರು ಮೇಷ್ಟ್ರು.

ಸರ್ಕಾರಿ ಶಾಲೆಗಳಿಗಿಂತ ಮೊದಲು ಮೈಸೂರು ಸೀಮೆಯ ಬೇರೆಡೆಗಳಂತೆ ಇಲ್ಲಿಯೂ ಓದು ಬರಹ ನಡೆಯುತ್ತಿದ್ದದ್ದು ಕೂಲಿಮಠಗಳಲ್ಲಿ. ಕೂಲಿ ಕೊಟ್ಟು ಕಲಿಯುವ ಮಠವಾದ್ದರಿಂದ ಆ ಹೆಸರು. ಕಲಿಸುವವರು ಐಗಳು. ಗುಡಿಯ ಪಡಸಾಲೆಯಲ್ಲೋ ಯಾರದೋ ಮನೆಯ ಜಗಲಿಯಲ್ಲೋ ಮರಳು ಹರಡಿ, ಹುಡುಗರ ಬೆರಳು ಹಿಡಿದು ತಿದ್ದಿಸಿ, ಮಗ್ಗಿ ಬಾಯಿಪಾಠ ಮಾಡಿಸುವುದು ಅವರ ಕೆಲಸ. ಪ್ರತಿಫಲ ಬಹುಮಟ್ಟಿಗೆ ಕಾಳಿನ ರೂಪದಲ್ಲಿ ಸಿಗುತ್ತಿತ್ತು: ರಾಗಿ, ಜೋಳ, ಬೇಳೆ, ಹಬ್ಬದಲ್ಲಿ ಒಂದು ಪಂಚೆ. ಊರಿನ ಬೆಳೆ ಒಣಗಿದರೆ ಐಗಳ ಒಲೆಯೂ ಆರುತ್ತಿತ್ತು. ಹುಡುಗರನ್ನು ಹಗ್ಗಕ್ಕೆ ನೇತುಹಾಕುವ ಕೋದಂಡದಂಥ ಕ್ರೂರ ಶಿಕ್ಷೆಗಳಿಗೆ ಕೂಲಿಮಠಗಳು ಕುಖ್ಯಾತವಾಗಿದ್ದವು. ಆ ಸಿಟ್ಟಿನಲ್ಲಿ ಹಸಿವಿನ ಪಾಲೆಷ್ಟು ಎಂದು ಯಾರೂ ಲೆಕ್ಕ ಹಾಕಿಲ್ಲ.

ಐಗಳ ಕೈಗೆ ನಾಲ್ಕು ಕಾಸು ಸೇರುತ್ತಿದ್ದದ್ದು ಮಹಾನವಮಿಯಲ್ಲಿ. ಹಬ್ಬಕ್ಕೆ ವಾರಗಳ ಮುಂಚೆಯೇ ಮಠದಲ್ಲಿ ಚೌಪದದ ತಾಲೀಮು ನಡೆಯುತ್ತಿತ್ತು. ಬಣ್ಣದ ಕೋಲು ಹಿಡಿದು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು ಹುಡುಗರು ಸಾಲಾಗಿ ಹೊರಡುವರು. ಮನೆಯ ಬಾಗಿಲಲ್ಲಿ ನಿಂತು ನಾಲ್ಕು ಸಾಲಿನ ಪದ್ಯ ಹಾಡಿ, ಮನೆಯವರಿಗೆ ಮಕ್ಕಳ ಭಾಗ್ಯ, ಬೆಳೆಯ ಭಾಗ್ಯ ಹಾರೈಸುವರು. ಮನೆಯ ಯಜಮಾನ ಕೊಡುವ ಕಾಸು, ಅಕ್ಕಿ, ಬಟ್ಟೆ ಗುರುವಿಗೆ ಸೇರಬೇಕು, ಹುಡುಗರಿಗೆ ಕೊಬ್ಬರಿ, ಪುರಿ, ಬೆಲ್ಲ. ಚೌಪದ ಚೆಂದದ ಆಚರಣೆ, ಅನುಮಾನವಿಲ್ಲ. ಆದರೆ ಒಬ್ಬ ಕಲಿತ ಮನುಷ್ಯ ತನ್ನ ಇಡೀ ವರ್ಷದ ಉಳಿತಾಯಕ್ಕೆ ಶಿಷ್ಯರನ್ನು ಮನೆ ಮನೆಗೆ ಕಳಿಸಬೇಕಾಗಿತ್ತು ಎಂಬುದೂ ಅದರ ಒಳಗೇ ಇದೆ. ಗೌರವಕ್ಕೂ ಭಿಕ್ಷೆಗೂ ನಡುವೆ ಗೆರೆ ತೆಳುವಾಗಿತ್ತು.

ಸಂಬಳದ ಮೇಷ್ಟ್ರ ಕಾಲ ಶುರುವಾದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ವಿದ್ಯಾ ಇಲಾಖೆ ಹುಟ್ಟಿತು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ್ದ ಬಿ.ಎಲ್. ರೈಸ್ 1865ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಆದರು. 1868ರಲ್ಲಿ ಅವರು ರೂಪಿಸಿದ ಹೋಬಳಿ ಶಾಲೆಗಳ ಯೋಜನೆಗೆ ಮಂಜೂರಾತಿ ಸಿಕ್ಕಿತು. ಹೋಬಳಿಗೊಂದು ಸರ್ಕಾರಿ ಶಾಲೆ, ಅದಕ್ಕೆ ನಾರ್ಮಲ್ ಸ್ಕೂಲಿನಲ್ಲಿ ತಯಾರಾದ ಮೇಷ್ಟ್ರು, ತಿಂಗಳಿಗೊಮ್ಮೆ ಸಂಬಳ. ಇಂದಿನ ಲೆಕ್ಕದಲ್ಲಿ ಚಳ್ಳಕೆರೆಗೆ ಕಸಬಾ, ತಳುಕು, ನಾಯಕನಹಟ್ಟಿ, ಪರಶುರಾಂಪುರ ಎಂಬ ನಾಲ್ಕು ಹೋಬಳಿ, ಮೊಳಕಾಲ್ಮುರಿಗೆ ಕಸಬಾ, ದೇವಸಮುದ್ರ ಎಂಬ ಎರಡು. ಇಷ್ಟು ವಿಸ್ತಾರದ ಬಯಲಿಗೆ ಹೋಬಳಿಗೊಂದು ಶಾಲೆ ಏನೂ ಸಾಲದು. ಆದರೂ ಮಳೆ ಬಂದರೂ ಬಾರದಿದ್ದರೂ ಮೇಷ್ಟ್ರಿಗೆ ತಿಂಗಳ ಸಂಬಳ ಎಂಬ ತತ್ವ ಹೊಸದು. ಊರ ಗೌಡನ ಮರ್ಜಿಯಿಂದ ಮೇಷ್ಟ್ರು ಬಿಡಿಸಿಕೊಂಡದ್ದು ಅಲ್ಲಿಂದ, ಮೇಲಧಿಕಾರಿಯ ಮರ್ಜಿಗೆ ಸಿಕ್ಕಿಕೊಂಡದ್ದೂ ಅಲ್ಲಿಂದಲೇ.

ಅದೇ ರೈಸ್ ಮುಂದೆ ಪುರಾತತ್ವ ಇಲಾಖೆಗೆ ಹೋದರು. ಶಾಲಾ ತಪಾಸಣೆಗೆಂದು ಊರೂರು ಸುತ್ತುವಾಗ ಹತ್ತಿದ ಶಾಸನಗಳ ಗೀಳು ಅವರನ್ನು 1892ರಲ್ಲಿ ಬ್ರಹ್ಮಗಿರಿಗೆ ತಂದು ನಿಲ್ಲಿಸಿತು. ಮೈಸೂರಿನ ಹಳ್ಳಿ ಮೇಷ್ಟ್ರಿಗೆ ಸಂಬಳದ ಯೋಜನೆ ಬರೆದವರೇ ಆಚಾರ್ಯನನ್ನು ಗೌರವಿಸಿ ಎಂಬ ಮರೆತುಹೋಗಿದ್ದ ಆಜ್ಞೆಯನ್ನು ಬೆಳಕಿಗೆ ತಂದರು. ಅದಕ್ಕೆ ಒಂದು ವರ್ಷ ಮೊದಲು, 1891ರಲ್ಲಿ, ಮೈಸೂರು ಸರ್ಕಾರ ತನ್ನ ನೌಕರರಿಗಾಗಿ ಜೀವವಿಮೆ ಆರಂಭಿಸಿತ್ತು. ಇಂದಿಗೂ ಶಿಕ್ಷಕರ ಸಂಬಳದ ಪಟ್ಟಿಯಲ್ಲಿ ಪ್ರತಿ ತಿಂಗಳು ಕಡಿತವಾಗುವ ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಕಂತಿನ ಮೂಲ ಅದು.

20ನೇ ಶತಮಾನದ ಆರಂಭದಲ್ಲಿ ಶಾಲೆಗಳು ಒಮ್ಮೆಲೇ ಹೆಚ್ಚಿದವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ಸುಮಾರು 4,500ರಿಂದ 10,500ಕ್ಕೆ ಏರಿತೆಂಬುದು ಪ್ರಸಿದ್ಧ ಲೆಕ್ಕ. ಕಡ್ಡಾಯ ಶಿಕ್ಷಣದ ಕಾನೂನು ಬಂದದ್ದೂ ಆಗಲೇ, 1913ರಲ್ಲಿ. 1930ರಲ್ಲಿ ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಪ್ರಾಧಿಕಾರಗಳ ಕೈಗೆ ಕೊಟ್ಟು, 1941ರಲ್ಲಿ ಸರ್ಕಾರವೇ ವಾಪಸು ಪಡೆಯಿತು. ಶಾಲೆ ಏರಿದಷ್ಟು ವೇಗವಾಗಿ ಮೇಷ್ಟ್ರ ಸಂಖ್ಯೆ ಏರಲಿಲ್ಲ. ಹೊಸ ಶಾಲೆ ಎಂದರೆ ಬಹುಪಾಲು ಒಂದು ಕೋಣೆ, ಒಂದು ಕುರ್ಚಿ, ಒಬ್ಬ ಮೇಷ್ಟ್ರು.

ಈ ಸೀಮೆ ಹೊರಗಿನವರು ಹಿಂದುಳಿದದ್ದೆಂದು ಕರೆಯುತ್ತ ಬಂದ ಸೀಮೆ. ಆದರೆ ಕನ್ನಡ ನಾಡಿಗೆ ದೊಡ್ಡ ಮೇಷ್ಟ್ರುಗಳನ್ನು ಕೊಟ್ಟದ್ದೂ ಇದೇ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಟಿ.ಎಸ್. ವೆಂಕಣ್ಣಯ್ಯ (1885–1939) ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿ ಒಂದು ತಲೆಮಾರಿನ ಬರಹಗಾರರನ್ನು ಬೆಳೆಸಿದರು. ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ, ಅವರು ತೀರಿಕೊಂಡ ಹತ್ತು ವರ್ಷಗಳ ಮೇಲೆ. ಇದೇ ತಾಲ್ಲೂಕಿನ ಬೆಳಗೆರೆಯ ಕೃಷ್ಣಶಾಸ್ತ್ರಿಗಳು (1916–2013) ಪಟ್ಟಣಕ್ಕೆ ಹೋಗದೆ ಹಳ್ಳಿಯಲ್ಲೇ ನಿಂತ ಮೇಷ್ಟ್ರು. ಗಾಂಧಿಯ ಹಾದಿ ಹಿಡಿದು, ತಮ್ಮ ಊರಿನಲ್ಲಿ ಶಾಲೆ ಕಟ್ಟಿ, ‘ಯೇಗ್ದಾಗೆಲ್ಲಾ ಐತೆ’ ಎಂಬ ಪುಸ್ತಕ ಬರೆದು, ತೊಂಬತ್ತಾರು ದಾಟುವವರೆಗೂ ಬಾಳಿದರು. ಊರಿನವರು ಮೇಷ್ಟ್ರನ್ನು ತಮ್ಮವರೆಂದು ಇಟ್ಟುಕೊಂಡಾಗ ಕಷ್ಟದ ಕೆಲಸವೂ ಹೇಗೆ ತಾಳಿಕೆ ಬರುತ್ತದೆ ಎಂಬುದಕ್ಕೆ ಅವರು ಉದಾಹರಣೆ. ಆದರೆ ಎಲ್ಲ ಮೇಷ್ಟ್ರೂ ಕೃಷ್ಣಶಾಸ್ತ್ರಿಗಳಾಗಬೇಕೆಂದು ನಿರೀಕ್ಷಿಸುವ ಇಲಾಖೆ ತನ್ನ ಕೆಲಸ ತಪ್ಪಿಸಿಕೊಳ್ಳುತ್ತಿದೆ ಎಂದೇ ಅರ್ಥ.

ಶಿಕ್ಷಕರ ಕಲ್ಯಾಣ ಎಂಬ ಮಾತು ಸರ್ಕಾರಿ ಕಾಗದದಲ್ಲಿ ಬಲವಾಗಿ ಕಾಣಿಸಿಕೊಂಡದ್ದು 1960ರ ದಶಕದಲ್ಲಿ. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ಎಸ್. ರಾಧಾಕೃಷ್ಣನ್ 1962ರಲ್ಲಿ ರಾಷ್ಟ್ರಪತಿಗಳಾದರು. ಆ ವರ್ಷದಿಂದ ಸೆಪ್ಟೆಂಬರ್ 5 ಶಿಕ್ಷಕರ ದಿನ. ಅದೇ ವರ್ಷ ರಾಷ್ಟ್ರೀಯ ಶಿಕ್ಷಕರ ಕಲ್ಯಾಣ ಪ್ರತಿಷ್ಠಾನವೂ ಹುಟ್ಟಿತು. ಅನುದಾನಿತ ಶಾಲೆಗಳ ನೌಕರರಿಗೆ ಭವಿಷ್ಯನಿಧಿ, ವಿಮೆ, ಪಿಂಚಣಿ ಮೂರನ್ನೂ ಒಟ್ಟಿಗೆ ಕೊಡುವ ನಿಯಮಗಳು 1963ರವು. 1966ರ ಅಕ್ಟೋಬರ್ 5ರಂದು ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಶಿಕ್ಷಕರ ಸ್ಥಾನಮಾನದ ಬಗ್ಗೆ ಶಿಫಾರಸನ್ನು ಅಂಗೀಕರಿಸಿದವು. ಸಂಬಳ, ರಜೆ, ಕೆಲಸದ ಹೊತ್ತು, ದೂರದ ಹಳ್ಳಿಯಲ್ಲಿ ವಸತಿ ಎಲ್ಲವೂ ಅದರಲ್ಲಿದೆ.

ರಾಜ್ಯದ ಶಿಕ್ಷಕರ ಕಲ್ಯಾಣ ನಿಧಿಯಿಂದ ಚಿಕಿತ್ಸೆಗೆ ನೆರವು, ಮಕ್ಕಳ ಓದಿಗೆ ಸಹಾಯ, ತಾಲ್ಲೂಕು ಕೇಂದ್ರಗಳಲ್ಲಿ ಗುರುಭವನಕ್ಕೆ ಹಣ ಸಿಗುತ್ತ ಬಂತು. ನಿಧಿಗೆ ದುಡ್ಡು ಕೂಡಿಸಿದ ಬಗೆ ಸ್ವಾರಸ್ಯಕರ. ಸೆಪ್ಟೆಂಬರ್ ಹತ್ತಿರವಾದರೆ ಶಾಲೆಗಳಿಗೆ ಕಾಗದದ ಪುಟ್ಟ ಧ್ವಜಗಳ ಕಟ್ಟು ಬರುತ್ತಿತ್ತು. ಗುಂಡುಸೂಜಿಯಲ್ಲಿ ಅಂಗಿಗೆ ಚುಚ್ಚಿ ಮಕ್ಕಳಿಂದ, ಪೋಷಕರಿಂದ ಚಿಲ್ಲರೆ ಕೂಡಿಸಬೇಕು. ಧ್ವಜ ಖರ್ಚಾಗದೆ ಉಳಿದರೆ ಮೇಷ್ಟ್ರೇ ಕೈಯಿಂದ ಹಾಕುವುದೂ ಉಂಟು. ಮಹಾನವಮಿಯ ಚೌಪದವೇ ವೇಷ ಬದಲಿಸಿ ಬಂದಿತೆಂದರೆ ತಪ್ಪಲ್ಲ.

ಇದೇ ಕಾಲದ ಜನಪ್ರಿಯ ಕಲ್ಪನೆಯಲ್ಲಿ ಮೇಷ್ಟ್ರೆಂದರೆ ಚಾಮಯ್ಯ ಮೇಷ್ಟ್ರು. ತಳುಕಿನ ಮನೆತನದ ತ.ರಾ.ಸು. ಬರೆದ ಚಿತ್ರದುರ್ಗದ ಕಥೆ 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರವಾದಾಗ, ಕೆ.ಎಸ್. ಅಶ್ವತ್ಥ್ ಆ ಪಾತ್ರವನ್ನು ಮನೆಮಾತಾಗಿಸಿದರು. ಹಠಮಾರಿ ಶಿಷ್ಯನಿಗಾಗಿ ಕೊನೆಯವರೆಗೂ ಮರುಗುವ ಗುರು ಅವರು. ಕನ್ನಡಿಗರು ಆ ಗುರುವನ್ನು ನೆನೆದು ಇಂದಿಗೂ ಕಣ್ಣೀರು ಹಾಕುತ್ತಾರೆ. ಅವರಿಗಾಗಿ ಮರುಗುವವರು ಯಾರಿದ್ದರು ಎಂದು ಕೇಳುವುದು ಕಡಿಮೆ.

ಇಡೀ ಚರಿತ್ರೆಯಲ್ಲಿ ಶಿಕ್ಷಕರ ಮನಸ್ಸಿಗೆ ನಿಜವಾದ ಆಸರೆ ಕೊಟ್ಟ ಕ್ರಮವೊಂದನ್ನು ಹೆಸರಿಸಬೇಕೆಂದರೆ ಅದು ಎರಡನೆಯ ಶಿಕ್ಷಕರ ನೇಮಕ. ಏಕೋಪಾಧ್ಯಾಯ ಶಾಲೆಯ ಮೇಷ್ಟ್ರು ನಾಲ್ಕು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಒಂದಕ್ಕೆ ಪಾಠ, ಒಂದಕ್ಕೆ ಲೆಕ್ಕ, ಒಂದಕ್ಕೆ ಕಾಪಿ ಬರಹ, ಇನ್ನೊಂದಕ್ಕೆ ಮಗ್ಗಿ ಹಚ್ಚಬೇಕು. ಜ್ವರ ಬಂದರೆ ಶಾಲೆಗೆ ಬೀಗ. ತಾಲ್ಲೂಕು ಕಚೇರಿಗೆ ಸಂಬಳದ ಬಿಲ್ಲಿಗೆ ಹೋದರೂ ಬೀಗ. ಬೀಗ ಕಂಡ ಊರಿನವರು ಮೇಷ್ಟ್ರು ಸೋಮಾರಿ ಎಂದರೆ ಎದುರು ಮಾತಾಡಲು ಸಾಕ್ಷಿಯೂ ಇಲ್ಲ. 1987ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕಪ್ಪುಹಲಗೆ ಕಾರ್ಯಾಚರಣೆ ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಸಾಧ್ಯವಾದಷ್ಟು ಕಡೆ ಅವರಲ್ಲೊಬ್ಬರು ಮಹಿಳೆ ಎಂಬ ಅಳತೆ ಹಾಕಿತು. 1994ರಿಂದ 1999ರವರೆಗೆ ಶಿಕ್ಷಣ ಸಚಿವರಾಗಿದ್ದ ಎಚ್.ಜಿ. ಗೋವಿಂದೇಗೌಡರ ಕಾಲದಲ್ಲಿ ಲಂಚವಿಲ್ಲದೆ, ಅಂಕದ ಮೇಲೆ ನಡೆದ ಭಾರಿ ನೇಮಕಾತಿ ಹಳ್ಳಿ ಶಾಲೆಗಳ ಮುಖವನ್ನೇ ಬದಲಿಸಿತು. ದುಡ್ಡು ಕೊಡದೆ ಕೆಲಸ ಸಿಕ್ಕಿತು ಎಂಬುದೇ ಆ ತಲೆಮಾರಿನ ಶಿಕ್ಷಕರಿಗೆ ಬಹುಕಾಲ ಉಳಿದ ಧೈರ್ಯ.

ಹಿಂದೆಯೇ ಸಮೂಹ ಸಂಪನ್ಮೂಲ ಕೇಂದ್ರಗಳು ಬಂದವು. ಹತ್ತಿರದ ಹತ್ತಾರು ಶಾಲೆಗಳ ಶಿಕ್ಷಕರು ಆಗಾಗ ಒಂದೆಡೆ ಸೇರುವ ಸಮಾಲೋಚನಾ ಸಭೆಯ ಉದ್ದೇಶ ಪಾಠಕ್ರಮದ ಚರ್ಚೆ. ಆದರೆ ಹಟ್ಟಿಯ ಶಾಲೆಯಲ್ಲಿ ತಿಂಗಳಿಡೀ ಒಂಟಿಯಾಗಿದ್ದವರಿಗೆ ಬುತ್ತಿ ಬಿಚ್ಚಿ ಕೂತು, ಚಟ್ನಿಪುಡಿ ಹಂಚಿಕೊಂಡು, ನಿಮ್ಮ ಕಡೆ ತೆಲುಗು ಮಕ್ಕಳಿಗೆ ಹೇಗೆ ಕಲಿಸುತ್ತೀರಿ ಎಂದು ಕೇಳುವ ಆ ಒಂದು ಗಂಟೆಯೇ ಹೆಚ್ಚಿನದು. ಇಲಾಖೆಯ ನಡಾವಳಿಯಲ್ಲಿ ಊಟದ ಗಂಟೆಯ ಮಾತುಗಳು ದಾಖಲಾಗುವುದಿಲ್ಲ.

ವರ್ಗಾವಣೆಯ ಕಥೆ ಬೇರೆ. ಹೊಸದಾಗಿ ನೇಮಕವಾದವರು ಗಡಿಯ ಹಳ್ಳಿಗಳಿಗೆ ಬರುವುದು, ವರ್ಷ ತುಂಬಿದೊಡನೆ ದುರ್ಗಕ್ಕೋ ದಾವಣಗೆರೆಗೋ ತಮ್ಮೂರಿಗೋ ದಾರಿ ಹುಡುಕುವುದು ಇಲ್ಲಿಯ ಹಳೆಯ ಚಾಳಿ. ಅವರನ್ನು ದೂರಿ ಫಲವಿಲ್ಲ. ಬಾಡಿಗೆಗೆ ಮನೆ ಸಿಗದ ಊರು, ದಿನಕ್ಕೆರಡು ಬಸ್ಸು, ಗಂಡ ಒಂದು ಜಿಲ್ಲೆ ಹೆಂಡತಿ ಒಂದು ಜಿಲ್ಲೆ. ಮೊದಲು ವರ್ಗಾವಣೆಗೆ ಶಿಫಾರಸು ಪತ್ರ ಹಿಡಿದು ಬೆಂಗಳೂರಿಗೆ ಅಲೆಯಬೇಕಿತ್ತು. 2007ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ ಅದಕ್ಕೆ ಕಡಿವಾಣ ಹಾಕಿತು. ಪಟ್ಟಣ, ಅದರ ಆಸುಪಾಸು, ದೂರದ ಹಳ್ಳಿ ಎಂಬ ಎ, ಬಿ, ಸಿ ವಲಯಗಳು ಬಂದವು. ಕಾಯಿಲೆ, ಅಂಗವೈಕಲ್ಯ, ವಿಧವೆಯರು, ಪತಿ–ಪತ್ನಿ ಪ್ರಕರಣಗಳಿಗೆ ಆದ್ಯತೆ ಸಿಕ್ಕಿತು. ಕೌನ್ಸೆಲಿಂಗ್ ಸಭಾಂಗಣದಲ್ಲಿ ಪರದೆಯ ಮೇಲೆ ಖಾಲಿ ಹುದ್ದೆಗಳ ಪಟ್ಟಿ ಮೂಡುತ್ತದೆ. ಮುಂದಿನ ಸಂಖ್ಯೆಯವರು ಒಂದೊಂದು ಊರನ್ನು ಆರಿಸಿದಂತೆ ಆ ಹೆಸರು ಮಾಯವಾಗುತ್ತದೆ. ತಮ್ಮ ಸರದಿ ಬರುವಷ್ಟರಲ್ಲಿ ಬೇಕಾದ ಊರು ಉಳಿದಿರುತ್ತದೋ ಇಲ್ಲವೋ ಎಂದು ಮಡಿಲಲ್ಲಿ ಮಗು ಇಟ್ಟುಕೊಂಡು ಕಾಯುವ ತಾಯಂದಿರು ಅಲ್ಲಿ ಸಾಮಾನ್ಯ ನೋಟ. 2019ರ ಕಡ್ಡಾಯ ವರ್ಗಾವಣೆ ರಾಜ್ಯದಾದ್ಯಂತ ಶಿಕ್ಷಕರನ್ನು ಕಂಗೆಡಿಸಿತು. 2020ರಲ್ಲಿ ಹೊಸ ಕಾಯ್ದೆ ಬಂತು. ಈ ಕಾಯ್ದೆಗಳು ಶಿಫಾರಸಿನ ಅಲೆದಾಟವನ್ನು ತಗ್ಗಿಸಿದ್ದು ದೊಡ್ಡ ಕೆಲಸ. ಆದರೆ ಹೋದವರ ಜಾಗ ಖಾಲಿ ಉಳಿದು, ಗೌರವಧನದ ಅತಿಥಿ ಶಿಕ್ಷಕರಿಂದ ವರ್ಷ ತಳ್ಳುವ ಶಾಲೆಯಲ್ಲಿ ಒಬ್ಬರ ನೆಮ್ಮದಿ ಇನ್ನೊಬ್ಬರ ಹೊರೆಯಾಗುತ್ತದೆ.

ಹೊಸ ಶತಮಾನದಲ್ಲಿ ಹೊರೆಯ ಬಗೆಯೂ ಬದಲಾಯಿತು. 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಮರುವರ್ಷ ಉಳಿದ ಕಡೆಗೂ ಬಂತು, 2013ರಲ್ಲಿ ಕ್ಷೀರಭಾಗ್ಯ, ಆಮೇಲೆ ಮೊಟ್ಟೆ. ಬರದ ಸೀಮೆಯ ಮಕ್ಕಳಿಗೆ ಇವೆಲ್ಲ ಅಮೃತ. ಅಕ್ಕಿ, ಬೇಳೆ, ಹಾಲಿನ ಪುಡಿ, ಮೊಟ್ಟೆ, ಸಿಲಿಂಡರುಗಳ ಲೆಕ್ಕ ಮಾತ್ರ ಮುಖ್ಯ ಶಿಕ್ಷಕರ ತಲೆಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಬೋಧನೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆನ್ನುತ್ತದೆ. ಆದರೂ 2015ರ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಗೂ 2025ರ ಸಮೀಕ್ಷೆಗೂ ಮನೆ ಮನೆ ಸುತ್ತಿದವರಲ್ಲಿ ಶಿಕ್ಷಕರೇ ಹೆಚ್ಚು. ಭದ್ರತೆಯ ಕಡೆಯಿಂದಲೂ ಒಂದು ಗೆರೆ ಬಿತ್ತು: 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ (ಎನ್‌ಪಿಎಸ್). ಒಂದೇ ಕೋಣೆಯಲ್ಲಿ ಕೂತ ಇಬ್ಬರಲ್ಲಿ ಒಬ್ಬರ ಮುಪ್ಪು ಖಾತ್ರಿ, ಇನ್ನೊಬ್ಬರದು ಷೇರುಪೇಟೆಯ ಕೈಯಲ್ಲಿ.

ಸಣ್ಣ ಪರಿಹಾರಗಳೂ ಬಂದವು. ಬಡ್ತಿ, ರಜೆ, ವೇತನ ಬಡ್ತಿಯ ದಾಖಲೆ ಸೇವಾ ಪುಸ್ತಕದಲ್ಲಿ ವರ್ಷಗಟ್ಟಲೆ ಏರದೆ ಉಳಿಯುವುದು ಶಿಕ್ಷಕರ ಹಳೆಯ ನೋವು. ಅಂಥ ಕಡತಗಳನ್ನು ಶಿಕ್ಷಕರ ಎದುರಿಗೇ ಇತ್ಯರ್ಥ ಮಾಡುವ ಗುರುಸ್ಪಂದನ ಕಾರ್ಯಕ್ರಮಗಳು ಹಲವು ತಾಲ್ಲೂಕುಗಳಲ್ಲಿ ನಡೆದವು. 2017–18ರಲ್ಲಿ ಬಂದ ಗುರುಚೇತನ, ಯಾವ ತರಬೇತಿ ಬೇಕೆಂದು ಆರಿಸಿಕೊಳ್ಳುವ ಅವಕಾಶವನ್ನು ಶಿಕ್ಷಕರಿಗೇ ಕೊಟ್ಟಿತು. 2021ರಲ್ಲಿ ಮಹಿಳಾ ನೌಕರರಿಗೆ 180 ದಿನಗಳ ಶಿಶುಪಾಲನಾ ರಜೆ ಸಿಕ್ಕಿತು.

ಮನಸ್ಸಿನ ವಿಷಯಕ್ಕೆ ಬಂದರೆ, ದೇಶಕ್ಕೆ ಮಾದರಿಯಾದ ಪ್ರಯೋಗವೊಂದು ಮೊಳಕಾಲ್ಮುರಿನ ನೆರೆಯಲ್ಲೇ ನಡೆದಿತ್ತು. ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟಕ್ಕೆ ತಂದಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆದರೆ ಶಾಲೆಯ ದಣಿವು ಕಾಯಿಲೆಯಲ್ಲ, ಅದಕ್ಕೆ ಬಹುಕಾಲ ಹೆಸರೂ ಇರಲಿಲ್ಲ. ಕೆಲಸದಿಂದಲೇ ಬರುವ ಈ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ರೋಗವೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಸೇರಿಸಿತು. 2019ರಲ್ಲಿ ಆ ಆವೃತ್ತಿಗೆ ಒಪ್ಪಿಗೆ ಸಿಕ್ಕಿತು. ತಪ್ಪು ಮೇಷ್ಟ್ರ ಮನಸ್ಸಿನಲ್ಲಿಲ್ಲ, ಕೆಲಸದ ಏರ್ಪಾಟಿನಲ್ಲಿದೆ ಎಂಬುದು ಅದರ ತಿರುಳು.

2020ರಲ್ಲಿ ಕೋವಿಡ್ ಶಾಲೆಗಳನ್ನು ಮುಚ್ಚಿಸಿದಾಗ ರಾಜ್ಯದಲ್ಲಿ ವಿದ್ಯಾಗಮ ಶುರುವಾಯಿತು. ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನಗಳಲ್ಲಿ ಮಕ್ಕಳನ್ನು ದೂರ ದೂರ ಕೂರಿಸಿ ಪಾಠ ಮಾಡಿದರು. ಒಂದರ್ಥದಲ್ಲಿ ಐಗಳ ಜಗಲಿ ಮರಳಿ ಬಂದಿತ್ತು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿಗಳು ಹೆಚ್ಚಿದ ಮೇಲೆ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು. ಆ ವರ್ಷದ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಮನೋದರ್ಪಣ, ವಿದ್ಯಾರ್ಥಿಗಳ ಜೊತೆಗೆ ಶಿಕ್ಷಕರ ಮಾನಸಿಕ ಸ್ವಾಸ್ಥ್ಯವನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿತು. 2022ರ ಅಕ್ಟೋಬರ್ 10ರಂದು ನಿಮ್ಹಾನ್ಸ್ ನೇತೃತ್ವದಲ್ಲಿ ಟೆಲಿ ಮನಸ್ ಸಹಾಯವಾಣಿ ಬಂತು. ಅದರ ಸಂಖ್ಯೆ 14416. ಹಗಲು ರಾತ್ರಿ ತೆರೆದಿರುತ್ತದೆ, ಶುಲ್ಕವಿಲ್ಲ, ಕನ್ನಡದಲ್ಲಿ ಮಾತನಾಡಬಹುದು.